ಬಿ.ಎಡ್. ವಿದ್ಯಾರ್ಥಿಗಳ ಜೀವನ ಕೌಶಲ ಅಳೆಯೋದು ಹೇಗೆ? ಅನುಭವ ಇರೋರು ಹೇಳಿ

ಪ್ರಶ್ನೆ, ಕೋಲಾರದಿಂದ:
ನಮ್ಮ ಬಿ.ಎಡ್. ವಿದ್ಯಾರ್ಥಿಗಳ ಜೀವನ ಕೌಶಲ (ಬೇರೆಯವರ ಜೊತೆ ಮಾತುಕತೆ, ಸಿಟ್ಟು ನಿಭಾಯಿಸೋದು, ನಿರ್ಧಾರ ತಗೊಳ್ಳೋದು, ಇಂಥವು) ಹೇಗಿದೆ ಅಂತ ತಿಳಿಯೋಕೆ ಐದು ಆಯ್ಕೆಯ ಪ್ರಶ್ನಾವಳಿ ಕೊಟ್ಟೆ. ಹೆಚ್ಚುಕಡಿಮೆ ಎಲ್ಲರೂ 'ಸಂಪೂರ್ಣ ಒಪ್ಪುತ್ತೇನೆ' ಅಂತಲೇ ಟಿಕ್ ಹಾಕಿದ್ದಾರೆ. ಮುಂದೇನು ಮಾಡಲಿ?

ತುಮಕೂರಿನಿಂದ:
ಮೇಡಂ, ನನಗೂ ಮೊದಲ ಸಲ ಹೀಗೇ ಆಗಿತ್ತು. 'ನಾನು ಬೇರೆಯವರ ಮಾತನ್ನು ಸಮಾಧಾನದಿಂದ ಕೇಳುತ್ತೇನೆ' ಅಂತ ಬರೆದು ಮುಂದಿಟ್ಟರೆ, ನಾಳೆ ಮೇಷ್ಟ್ರಾಗೋರು ಇಲ್ಲ ಅಂತಾರಾ? ಅದರ ಮೇಲೆ ಹೆಸರು ಬೇರೆ ಬರೆಸಿದ್ದೆ, ಆಂತರಿಕ ಅಂಕ ಕೊಡೋಳೂ ನಾನೇ. ಮುಂದಿನ ಸಲ ಹೆಸರಿನ ಬದಲು ಅವರವರೇ ಆರಿಸಿಕೊಂಡ ಗುಟ್ಟಿನ ಗುರುತು ಹಾಕಿಸಿದೆ. ಕೆಲವು ಹೇಳಿಕೆ ತಿರುಗಿಸಿದೆ: 'ಮಗು ಎದುರುತ್ತರ ಕೊಟ್ಟರೆ ನನಗೆ ಸಿಟ್ಟು ತಡೆಯೋಕಾಗಲ್ಲ.' (ಇಂಥವಕ್ಕೆ ಅಂಕ ತಿರುಗಿಸಿ ಹಾಕೋದು ಮರೀಬೇಡಿ: 'ಸಂಪೂರ್ಣ ಒಪ್ಪುತ್ತೇನೆ' ಅಂದರೆ 5ರ ಬದಲು 1.) ಸ್ವಲ್ಪ ನಿಜ ಹೊರಬಂತು.

ಆದರೆ ಕಣ್ಣಾರೆ ಕಂಡಿದ್ದು ಶಾಲಾ ಇಂಟರ್ನ್‌ಶಿಪ್‌ನಲ್ಲಿ, ಅಂದರೆ ನಮ್ಮವರು ಶಾಲೆಗೆ ಹೋಗಿ ಪಾಠ ಮಾಡುವಾಗ. ತ್ರಿಭುಜದ ಮೂರು ಕೋನ ಕೂಡಿದರೆ ಎಷ್ಟು ಅಂತ ನಮ್ಮ ವಿದ್ಯಾರ್ಥಿನಿ ಕೇಳಿದಳು. ಪಾವಗಡದ ಗಡಿ ಹಳ್ಳಿಯಿಂದ ಬಂದು ಹಾಸ್ಟೆಲ್‌ನಲ್ಲಿರೋ ಹುಡುಗ ತೆಲುಗಲ್ಲಿ 'ನೂಟ ಎನಭೈ' ಅಂದುಬಿಟ್ಟ. ಕ್ಲಾಸು ಗೊಳ್ಳಂತ ನಕ್ಕಿತು, ಅವನ ತಲೆ ಬೆಂಚಿಗೆ ಬಗ್ಗಿತು. ಕಾಲೇಜಲ್ಲಿ ಬಾಯೇ ಬಿಡದ ಹುಡುಗಿ, ಬೋರ್ಡ್ ಮೇಲೆ 180 ಅಂತ ದೊಡ್ಡದಾಗಿ ಬರೆದು, 'ಉತ್ತರ ಸರಿ. ಕನ್ನಡದಲ್ಲಿ ಏನಂತೀವಿ, ಇವನಿಗೆ ಹೇಳ್ಕೊಡಿ. ತೆಲುಗಲ್ಲಿ ಅವನು ನಮಗೆ ಹೇಳ್ಕೊಡ್ತಾನೆ' ಅಂದಳು. ನಕ್ಕವರೇ ಕೈ ಎತ್ತಿದರು. ಪರಾನುಭೂತಿ (ಇನ್ನೊಬ್ಬರ ಮನಸ್ಸು ಅರಿಯೋದು), ಸಂವಹನ, ಆ ಕ್ಷಣದ ನಿರ್ಧಾರ, ಮೂರೂ ಅರ್ಧ ನಿಮಿಷದಲ್ಲಿ! ನನ್ನ ಪ್ರಶ್ನಾವಳಿಯ ಯಾವ ಕಲಂನಲ್ಲೂ ಇದು ಸಿಗುತ್ತಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿ ಮಾಡಿದ ಹತ್ತೂ ಕೌಶಲಗಳ ಬೆನ್ನು ಹತ್ತಬೇಡಿ. ಮೂರು ಆರಿಸಿಕೊಳ್ಳಿ. ಕಂಡದ್ದನ್ನು ಅವತ್ತೇ, ನಡೆದ ಹಾಗೆ ಬರೆದಿಡಿ. 'ಉತ್ತಮ', 'ಸಾಧಾರಣ' ಅಂತ ಬೇಡ. ಕೆಲವು ವಾರ ಬಿಟ್ಟು ಮತ್ತೆ ನೋಡಿ, ಅವರನ್ನ ಅವರ ಹಳೇ ಟಿಪ್ಪಣಿ ಜೊತೆಗೇ ಹೋಲಿಸಿ, ಪಕ್ಕದವರ ಜೊತೆ ಅಲ್ಲ. ಆದರೆ ಇದನ್ನ ಅಂಕಕ್ಕೆ ಜೋಡಿಸಲೇಬೇಡಿ, ಮತ್ತೆ ನಾಟಕ ಶುರುವಾಗುತ್ತೆ.

ಚಿಕ್ಕಬಳ್ಳಾಪುರದಿಂದ:
ಮೇಲಿನ ಮೇಡಂ ಹೇಳಿದ್ದು ಸರಿ. ನೋಡಿ ಬರೆಯೋದರಲ್ಲೂ ನಾನೊಮ್ಮೆ ಎಡವಿದ್ದೀನಿ. ದಿನಾ ತಡವಾಗಿ ಬಂದು ತೂಕಡಿಸೋ ಒಬ್ಬನಿಗೆ 'ಸಮಯ ನಿರ್ವಹಣೆ ಇಲ್ಲ' ಅಂತ ಬರೆದಿದ್ದೆ. ಆಮೇಲೆ ಗೊತ್ತಾಯ್ತು: ನಾಲ್ಕಕ್ಕೆ ಎದ್ದು ಹಾಲು ಕರೆದು, ಡೇರಿಗೆ ಹಾಕಿ, ಹಳ್ಳಿಯಿಂದ ಬಾಗೇಪಲ್ಲಿಗೊಂದು, ಅಲ್ಲಿಂದ ಇಲ್ಲಿಗೊಂದು ಬಸ್ಸು ಹಿಡಿದು ಬರ್ತಿದ್ದ. ಅವನೆದುರೇ ಆ ಸಾಲು ಹೊಡೆದುಹಾಕಿದೆ. ಈಗ ಬರೆಯೋ ಮುಂಚೆ ಪಕ್ಕದಲ್ಲಿ ಕೂರಿಸಿಕೊಂಡು ಕೇಳ್ತೀನಿ.