ಸೊಗದೆ ಬೇರೋ, ಮಾಕಳಿ ಬೇರೋ: ಲ್ಯಾಬ್‌ನಲ್ಲಿ ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ (ಬದಿಯಡ್ಕದಿಂದ): ಅಕ್ಕಾ, ನಮ್ಮ ಗುಡ್ಡದಲ್ಲಿ ಸೊಗದೆ ಬೇರು, ಅಂದರೆ ಶರಬತ್ತಿನ ನನ್ನಾರಿ, ಚೆನ್ನಾಗಿ ಬೆಳೆದಿದೆ. ಒಬ್ಬರು ಕೊಳ್ಳುತ್ತೇವೆ ಅಂದರು, ಆದರೆ ಲ್ಯಾಬ್ ರಿಪೋರ್ಟ್ ಬೇಕಂತೆ. ಹಿಂದೆ ಯಾರೋ ಅದೇ ಥರ ಪರಿಮಳ ಬರುವ ಬೇರೊಂದು ಬಳ್ಳಿಯ, ಅಂದರೆ ಮಾಕಳಿಯ, ಬೇರು ಬೆರೆಸಿ ಕೊಟ್ಟಿದ್ದರಂತೆ. ಒಂದು ಕಡೆ ಟಿಎಲ್‌ಸಿ, ಅಂದರೆ ಬೇರಿನ ಅಂಶಗಳನ್ನು ಪ್ಲೇಟಿನ ಮೇಲೆ ಬಿಡಿಸಿ ನೋಡುವ ಪರೀಕ್ಷೆ, ಮಾಡಿಸಿದೆ. ‘ಪರಿಮಳದ ಅಂಶ ಇದೆ’ ಅಂತ ಒಂದೇ ಸಾಲು ಬರೆದು ಕೊಟ್ಟರು. ಇಷ್ಟು ಸಾಕಾ?

ಉತ್ತರ: ಸಾಕಾಗುವುದಿಲ್ಲ ಅಣ್ಣಾ. ಸೊಗದೆಗೆ ಆ ಪರಿಮಳ ಕೊಡುವ ಮುಖ್ಯ ವಸ್ತು 2-ಹೈಡ್ರಾಕ್ಸಿ-4-ಮೆಥಾಕ್ಸಿ ಬೆಂಜಾಲ್ಡಿಹೈಡ್. ಮಾಕಳಿ ಬೇರಿನ ಪರಿಮಳವೂ ಅದರದ್ದೇ. ಅದೊಂದನ್ನೇ ಹುಡುಕಿದರೆ ಎರಡೂ ಬೇರು ಪಾಸಾಗುತ್ತವೆ! ಬೆರಕೆ ಮಾಡುವವರಿಗೆ ಅನುಕೂಲವಾಗುವುದೂ ಇದೇ.

ಲ್ಯಾಬ್‌ನವರು ಮಾಡಬೇಕಾದದ್ದು ಹೀಗೆ. ಬೇರಿನ ಪುಡಿಯನ್ನು ಮೆಥನಾಲ್‌ನಲ್ಲಿ ನೆನೆಸಿ ಸೋಸುತ್ತಾರೆ. ಸಿಲಿಕಾ ಹಚ್ಚಿದ ಪ್ಲೇಟಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯುತ್ತಾರೆ. ಪೆನ್ನಿನಲ್ಲಿ ಎಳೆದರೆ ಶಾಯಿಯೂ ದ್ರಾವಣದ ಜೊತೆ ಮೇಲೇರಿಬಿಡುತ್ತದೆ. ಆ ಗೆರೆಯ ಮೇಲೆ ಮೂರು ಚುಕ್ಕಿ ಇರಬೇಕು: ನಿಮ್ಮ ಬೇರು, ಖಚಿತವಾಗಿ ಗುರುತಿಸಿದ ಸೊಗದೆ, ಖಚಿತವಾಗಿ ಗುರುತಿಸಿದ ಮಾಕಳಿ. ನಾಲ್ಕನೆಯದಾಗಿ ಶುದ್ಧ ಪರಿಮಳದ ವಸ್ತು ಇದ್ದರೆ ಇನ್ನೂ ಒಳ್ಳೆಯದು. ಟೊಲ್ವೀನ್ ಮತ್ತು ಈಥೈಲ್ ಅಸಿಟೇಟ್ ಮಿಶ್ರಣ ಮೇಲೇರುತ್ತಿದ್ದಂತೆ ಒಂದೊಂದು ವಸ್ತುವೂ ಒಂದೊಂದು ಎತ್ತರಕ್ಕೆ ಹೋಗಿ ನಿಲ್ಲುತ್ತದೆ.

254 ನ್ಯಾನೊಮೀಟರ್ ಯುವಿ ದೀಪದಡಿ ಹಸಿರಾಗಿ ಹೊಳೆಯುವ ಪ್ಲೇಟಿನ ಮೇಲೆ ಪರಿಮಳದ ವಸ್ತು ಕಪ್ಪು ಚುಕ್ಕಿಯಾಗಿ ಕಾಣುತ್ತದೆ. ಬೇರಿನಲ್ಲಿರುವ ಲೂಪಿಯಾಲ್‌ನಂಥ ಬೇರೆ ವಸ್ತುಗಳು ಆ ಬೆಳಕಿಗೆ ಕಾಣುವುದೇ ಇಲ್ಲ. ಅನಿಸಾಲ್ಡಿಹೈಡ್-ಸಲ್ಫ್ಯೂರಿಕ್ ಆಸಿಡ್ ಸಿಂಪಡಿಸಿ 105 ಡಿಗ್ರಿಯಲ್ಲಿ ಕಾಯಿಸಿದಾಗ ನೇರಳೆ, ಗುಲಾಬಿ ಬಣ್ಣಗಳು ಒಂದೊಂದಾಗಿ ಏಳುತ್ತವೆ. ನೋಡಬೇಕಾದದ್ದು ಈ ಇಡೀ ಸಾಲನ್ನು, ಬರೀ ಒಂದು ಚುಕ್ಕಿಯನ್ನಲ್ಲ. ಜೊತೆಗೆ ಬೇರಿನ ತೆಳು ಸೀಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿಸಿ. ಇದಕ್ಕೆ ಖರ್ಚು ಕಡಿಮೆ, ಉಪಯೋಗ ಜಾಸ್ತಿ.

ಪ್ರಶ್ನೆ (ಮಂಜೇಶ್ವರದಿಂದ): ಅಕ್ಕಾ, ನಾನು ಎಂಎಸ್ಸಿ ಓದುತ್ತಿದ್ದೇನೆ. ಸೊಗದೆ ಬೇರಿನ ಎಣ್ಣೆಯನ್ನು ಜಿಸಿ-ಎಂಎಸ್‌ಗೆ, ಅಂದರೆ ಅಂಶಗಳನ್ನು ಬೇರ್ಪಡಿಸಿ ತೂಕ ಅಳೆಯುವ ಯಂತ್ರಕ್ಕೆ, ಹಾಕಿದೆ. ಸಾಫ್ಟ್‌ವೇರ್ ‘ವೆನಿಲಿನ್’ (ವೆನಿಲ್ಲಾದ ಪರಿಮಳದ ವಸ್ತು) ಅಂತ ತೋರಿಸುತ್ತಿದೆ. ಹಾಗೇ ಬರೆಯಲಾ?

ಉತ್ತರ: ಈಗಲೇ ಬರೆಯಬೇಡ ತಮ್ಮಾ. ವೆನಿಲಿನ್ ಮತ್ತು ಸೊಗದೆಯ ಪರಿಮಳದ ವಸ್ತು, ಎರಡರಲ್ಲೂ ಇರುವ ಪರಮಾಣುಗಳು ಅವೇ, ಅಣುವಿನ ತೂಕವೂ 152. ಜೋಡಣೆ ಮಾತ್ರ ಬೇರೆ. ಅಣುವಿನ ಮತ್ತು ಅದು ಒಡೆದ ತುಂಡುಗಳ ತೂಕವನ್ನು ತನ್ನ ಪಟ್ಟಿಯ ಜೊತೆ ಹೋಲಿಸಿ ಸಾಫ್ಟ್‌ವೇರ್ ಊಹೆ ಮಾಡುತ್ತದೆ, ಅಷ್ಟೇ. ಎರಡರ ಶುದ್ಧ ಮಾದರಿಯನ್ನೂ ತರಿಸಿ ಅದೇ ಕಾಲಮ್‌ನಲ್ಲಿ (ಯಂತ್ರದೊಳಗಿನ ಬೇರ್ಪಡಿಸುವ ಕೊಳವೆ) ಓಡಿಸಿ, ಹೊರಬರುವ ಸಮಯ ಹೋಲಿಸು. ಸೊಗದೆಯದ್ದರಲ್ಲಿ ಹೈಡ್ರಾಕ್ಸಿ ಗುಂಪು ಆಲ್ಡಿಹೈಡ್‌ನ ಪಕ್ಕದಲ್ಲೇ ಕೂತು ಅದನ್ನೇ ಹಿಡಿದುಕೊಂಡಿರುತ್ತದೆ. ಹಾಗಾಗಿ ಸಿಲಿಕಾಕ್ಕೆ ಅಷ್ಟು ಅಂಟುವುದಿಲ್ಲ, ಟಿಎಲ್‌ಸಿಯಲ್ಲಿ ವೆನಿಲಿನ್‌ಗಿಂತ ಮೇಲೆ ಹೋಗುತ್ತದೆ. ಥೀಸಿಸ್‌ಗಾದರೆ ವಸ್ತುವನ್ನು ಬೇರ್ಪಡಿಸಿ, ಅಣುವಿನ ಜೋಡಣೆ ತೋರಿಸುವ ಎನ್‌ಎಂಆರ್ ಪರೀಕ್ಷೆ ಮಾಡಿಸಿಯೇ ಹೆಸರು ಬರೆ.

ಪ್ರಶ್ನೆ (ಬದಿಯಡ್ಕದಿಂದ): ರಿಪೋರ್ಟ್ ಸರಿ ಬಂದರೆ ಪ್ಯಾಕೆಟ್ ಮೇಲೆ ‘ರಕ್ತ ಶುದ್ಧಿಗೆ’ ಅಂತ ಹಾಕಬಹುದಾ?

ಉತ್ತರ: ಬೇಡ ಅಣ್ಣಾ. ಬೇರಿನಲ್ಲಿ ಏನಿದೆ, ಎಷ್ಟಿದೆ ಅನ್ನುವುದನ್ನು ಮಾತ್ರ ಕ್ರೊಮಾಟೋಗ್ರಫಿ, ಅಂದರೆ ಟಿಎಲ್‌ಸಿಯಂಥ ಬೇರ್ಪಡಿಸುವ ಪರೀಕ್ಷೆ, ಹೇಳುತ್ತದೆ. ಅದು ಮೈಯಲ್ಲಿ ಏನು ಮಾಡುತ್ತದೆ ಅಂತ ಹೇಳುವುದಿಲ್ಲ. ಅದಕ್ಕೆ ಕಷಾಯವನ್ನು ಭಾಗ ಭಾಗ ಮಾಡಿ, ಯಾವ ಭಾಗ ಕೆಲಸ ಮಾಡುತ್ತದೆ ಅಂತ ಬೇರೆಯೇ ಪರೀಕ್ಷೆ ನಡೆಸಬೇಕು. ಆಮೇಲೆ ಮನುಷ್ಯರ ಮೇಲಿನ ಅಧ್ಯಯನವೂ ಆಗಬೇಕು. ಕಾಯಿಲೆ ಇರುವವರು ನಂಬಿ ಕೊಳ್ಳುತ್ತಾರೆ, ಅದು ನೆನಪಿರಲಿ.

ಮುಂದಿನ ಸಲ ಕಳಿಸುವಾಗ ಬೇರನ್ನು ನೆರಳಲ್ಲೇ ಒಣಗಿಸಿ. ಆ ಪರಿಮಳ ಹಬೆಯ ಜೊತೆ ಹಾರಿಹೋಗುವಂಥದ್ದು, ಒಲೆಯ ಅಟ್ಟದ ಬಿಸಿ ಬೇಡ. ಪುಡಿ ಮಾಡಬೇಡಿ, ಇಡೀ ಬೇರೇ ಕಳಿಸಿ. ಸೊಗದೆ ತೆಳ್ಳಗೆ ತಂತಿಯಂತೆ ಗಟ್ಟಿ, ಮಾಕಳಿ ದಪ್ಪ, ತಿರುಳು ಜಾಸ್ತಿ. ಪುಡಿಯಾದರೆ ಈ ಗುರುತೇ ಹೋಗುತ್ತದೆ. ಅದೇ ಬಳ್ಳಿಯ ಎಲೆ ಇರುವ ತುಂಡೊಂದನ್ನು ಪೇಪರ್ ನಡುವೆ ಒತ್ತಿ ಒಣಗಿಸಿ ಜೊತೆಗಿಡಿ. ಕಿತ್ತ ಜಾಗ, ತಾರೀಕು ಬರೆದಿರಲಿ. ‘ಹೋಲಿಸಿದ ಮಾದರಿ ಯಾವುದು’ ಅಂತ ರಿಪೋರ್ಟ್‌ನಲ್ಲಿ ಬರೆಸಿಕೊಳ್ಳಿ, ಪ್ಲೇಟಿನ ಫೋಟೊವನ್ನೂ ಕೇಳಿ ಪಡೆಯಿರಿ.