ಸ್ಟೆಮ್ ಸೆಲ್ ಇಂಜೆಕ್ಷನ್‌ಗೆ ಹೊಲ ಮಾರಬೇಕಾ?

ಪ್ರಶ್ನೆ (ಶಹಾಪುರ, ಯಾದಗಿರಿ ಜಿಲ್ಲೆ): ಮೇಡಂ, ನನ್ನ ತಮ್ಮ 14 ತಿಂಗಳ ಹಿಂದೆ ಹುಣಸೆ ಮರದಿಂದ ಬಿದ್ದ. ಬೆನ್ನಿನ ಡಿ-12 ಎಲುಬು ಮುರಿದು ಆಪರೇಷನ್ ಆಗಿದೆ. ಸೊಂಟದ ಕೆಳಗೆ ಏನೂ ಗೊತ್ತಾಗಲ್ಲ, ಕಾಲು ಅಲ್ಲಾಡಲ್ಲ. ದೂರದ ಊರಿನ ಒಂದು ಕ್ಲಿನಿಕ್‌ನವರು ನಾಲ್ಕು ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ನಡೆಯುತ್ತಾನೆ, 6 ಲಕ್ಷ ಆಗುತ್ತೆ ಅಂತಿದ್ದಾರೆ. ಬೆನ್ನುಹುರಿಯನ್ನೇ ಪ್ರಿಂಟ್ ಮಾಡಿ ಕೂರಿಸುವ ವಿಡಿಯೊ ಕೂಡ ಕಳಿಸಿದ್ದಾರೆ. ಅಪ್ಪ ಎರಡು ಎಕರೆ ತೊಗರಿ ಹೊಲ ಮಾರೋಣ ಅಂತಿದ್ದಾರೆ. ಏನು ಮಾಡಲಿ?

ಉತ್ತರ (ಫಿಸಿಯೋಥೆರಪಿಸ್ಟ್, ಕಲಬುರಗಿ): ಹೊಲ ಮಾರಬೇಡಿ ಅಣ್ಣಾ. ಮೊದಲು ಅಪ್ಪನಿಗೆ ಇದನ್ನು ಹೇಳಿ.

ಸ್ಟೆಮ್ ಸೆಲ್, ಅಂದ್ರೆ ಬೇರೆ ಬೇರೆ ಥರದ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ, ಅನ್ನೋದು ಸುಳ್ಳಲ್ಲ. ಜಪಾನಿನ ಕಿಯೋ ವಿಶ್ವವಿದ್ಯಾಲಯದವರು ಐಪಿಎಸ್ ಕೋಶಗಳಿಂದ (ದೇಹದ ಸಾಮಾನ್ಯ ಕೋಶವನ್ನೇ ಮತ್ತೆ ಸ್ಟೆಮ್ ಸೆಲ್ ಆಗಿ ಮಾರ್ಪಡಿಸಿದ್ದು) ನರಕೋಶದ ಮರಿಗಳನ್ನು ಬೆಳೆಸಿ, 2021ರ ಡಿಸೆಂಬರ್‌ನಿಂದ ನಾಲ್ವರ ಬೆನ್ನುಹುರಿಗೆ ತಲಾ 20 ಲಕ್ಷ ಕೋಶ ಹಾಕಿದರು. 2025ರಲ್ಲಿ ಫಲಿತಾಂಶ ಹೇಳಿದರು: ಇಬ್ಬರಲ್ಲಿ ಸುಧಾರಣೆ ಕಂಡಿತು, ಅವರಲ್ಲಿ ಒಬ್ಬರು ಆಸರೆಯಿಲ್ಲದೆ ನಿಂತರು. ಉಳಿದ ಇಬ್ಬರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಆದರೆ ಒಂದು ಮಾತು ಗಮನಿಸಿ, ಆ ನಾಲ್ವರಿಗೂ ಪೆಟ್ಟು ಬಿದ್ದು ಎರಡರಿಂದ ನಾಲ್ಕು ವಾರವಷ್ಟೇ ಆಗಿತ್ತು. ನಿಮ್ಮ ತಮ್ಮನಿಗೆ 14 ತಿಂಗಳು. ಅಷ್ಟರಲ್ಲಿ ಪೆಟ್ಟಿನ ಜಾಗದಲ್ಲಿ ಗಾಯದ ಕಲೆ ಗಟ್ಟಿಯಾಗಿರುತ್ತೆ, ನರದ ಎಳೆ ಅದನ್ನು ದಾಟಿ ಬೆಳೆಯೋದು ಬಹಳ ಕಷ್ಟ.

ಪ್ರಿಂಟಿಂಗ್ ಮಾಡೋದೂ ಇದಕ್ಕೇ. ನರದ ಎಳೆ ದಾರಿ ತಪ್ಪದ ಹಾಗೆ ಮೆದು ಜೆಲ್‌ನಲ್ಲಿ ಸಣ್ಣ ಸಣ್ಣ ಕೊಳವೆ ಮಾಡಿ, ಒಳಗೆ ಕೋಶ ತುಂಬುತ್ತಾರೆ. 2019ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ 2 ಮಿಲಿಮೀಟರ್ ತುಂಡನ್ನು 1.6 ಸೆಕೆಂಡಿನಲ್ಲಿ ಪ್ರಿಂಟ್ ಮಾಡಿ ಇಲಿಗೆ ಕೂರಿಸಿದರು, ಹಿಂಗಾಲಿಗೆ ಸ್ವಲ್ಪ ಬಲ ಬಂತು. ಅದು ಇಲಿ ಅಣ್ಣಾ. ಅದನ್ನು ತೋರಿಸಿ ಹೊಲ ಮಾರಿಸೋದು ಅನ್ಯಾಯ.

ನಮ್ಮಲ್ಲಿ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಬೆನ್ನುಹುರಿ ಪೆಟ್ಟಿಗೆ ಸ್ಟೆಮ್ ಸೆಲ್ ಕೊಡೋದಾದರೆ ಒಪ್ಪಿಗೆ ಪಡೆದ ಪ್ರಯೋಗದಲ್ಲಿ ಮಾತ್ರ. ಪ್ರಯೋಗ ಅಂದ ಮೇಲೆ ರೋಗಿಯಿಂದ ದುಡ್ಡು ತಗೊಳ್ಳುವಂತಿಲ್ಲ. ಆ ಕ್ಲಿನಿಕ್‌ಗೆ ಫೋನ್ ಮಾಡಿ, ಸಿಟಿಆರ್‌ಐ ನಂಬರ್ (ದೇಶದ ಪ್ರಯೋಗಗಳ ಸರ್ಕಾರಿ ನೋಂದಣಿ ಪಟ್ಟಿಯ ಸಂಖ್ಯೆ) ಎಷ್ಟು ಅಂತ ಒಂದೇ ಮಾತು ಕೇಳಿ.

ಪ್ರಶ್ನಿಸಿದವರು: ಕೇಳಿದೆ ಮೇಡಂ. ಮೊದಲು ಅಡ್ವಾನ್ಸ್ ಕಟ್ಟಿ, ಆಮೇಲೆ ಹೇಳ್ತೀವಿ ಅಂದರು. ಹಾಗಾದರೆ ಆಸೆ ಬಿಟ್ಟುಬಿಡೋದಾ? ನಿನ್ನೆ ಅಂಗಳದಲ್ಲಿ ಬಿಸಿಲಿಗೆ ಕೂರಿಸಿದ್ದೆವು, ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ.

ಉತ್ತರ: ಆಸೆ ಬಿಡಿ ಅಂತ ನಾನು ಹೇಳಲ್ಲ. ಆದರೆ ಆ ಬೊಬ್ಬೆ ಈಗ ಎಲ್ಲಕ್ಕಿಂತ ಮುಖ್ಯ. ನಿಮ್ಮ ಅಂಗಳಕ್ಕೆ ಶಹಾಬಾದ್ ಫರ್ಸಿ ಕಲ್ಲು ಹಾಕಿದ್ದಾರೆ ಅಲ್ವಾ? ಈ ಬಿಸಿಲಲ್ಲಿ ಅದು ಹಂಚಿನಂತೆ ಕಾಯುತ್ತೆ, ಅವನಿಗೆ ಸುಟ್ಟಿದ್ದೇ ತಿಳಿಯಲ್ಲ. ಬೊಬ್ಬೆ ಒಡೆಯಬೇಡಿ, ಅರಿಶಿನ ಹಚ್ಚಬೇಡಿ. ಸ್ವಚ್ಛ ಬಟ್ಟೆ ಮುಚ್ಚಿ ಇವತ್ತೇ ಡಾಕ್ಟರಿಗೆ ತೋರಿಸಿ. ಮಲಗಿಸಿದಾಗ ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ಇರುವಂತೆ ಮಾಡಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಮೂತ್ರಕ್ಕೆ ನಳಿಗೆ ಯಾವ ಥರದ್ದು, ದಿನಕ್ಕೆ ಎಷ್ಟು ಸಲ ಹಾಕ್ತೀರಿ ಅನ್ನೋದನ್ನೂ ಬರೆಯಿರಿ. ಅವನ ಕೈ ಗಟ್ಟಿ ಇದೆಯಲ್ಲ, ಗಾಯ ಮಾಯ್ದ ಮೇಲೆ ಕರೆದುಕೊಂಡು ಬನ್ನಿ. ಮಂಚದಿಂದ ವೀಲ್‌ಚೇರ್‌ಗೆ ತಾನೇ ಇಳಿಯೋದನ್ನು ಕಲಿಸ್ತೀನಿ.