‘ಕ್ಯುರೇಟ್’ ಮಾಡುವುದನ್ನು ಸಂಪಾದನೆ ಎನ್ನಬಹುದೇ?

ಮಾನ್ಯರೇ,

ಕಲಬುರಗಿಯಲ್ಲಿ ಕಾಲೇಜು ಓದುತ್ತಿರುವ ನನ್ನ ಅಕ್ಕನ ಮಗ ಡಬ್ (ಜಮೈಕಾ ಮೂಲದ ಸಂಗೀತ ಪ್ರಕಾರ), ಎಲೆಕ್ಟ್ರಾನಿಕ್ ಮತ್ತು ಇಂಡೀ ಹಾಡುಗಳನ್ನು ಆಯ್ದು 90 ನಿಮಿಷದ ಮಿಕ್ಸ್‌ಟೇಪೊಂದನ್ನು ಸಿದ್ಧಪಡಿಸಿದ್ದಾನೆ. ಅದರ ಹೊದಿಕೆಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಡಲು ಕುಳಿತಾಗ ಹುಟ್ಟಿದ ಸಂದೇಹಗಳಿವು.

ಹಾಡುಗಳನ್ನು ಆಯ್ದು ಹೊಂದಿಸಿಡುವ ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಕ್ಯುರೇಟ್’ ಮಾಡುವುದು ಎನ್ನುತ್ತಾರೆ. ಅದಕ್ಕೆ ಕನ್ನಡದಲ್ಲಿ ‘ಸಂಗ್ರಹ’ ಎಂದು ಬರೆದೆ, ಅವನು ಒಪ್ಪಲಿಲ್ಲ. ನಮ್ಮ ಕಾಲದಲ್ಲಿ ಅಂಗಡಿಯವನಿಗೆ ಹಾಡುಗಳ ಚೀಟಿ ಕೊಟ್ಟು ‘ಕ್ಯಾಸೆಟ್ ತುಂಬಿಸಿಕೊಂಡು’ ಬರುತ್ತಿದ್ದೆವು, 45ನೆಯ ನಿಮಿಷಕ್ಕೆ ಟೇಪು ಮುಗಿದು ಕೊನೆಯ ಹಾಡು ಚರಣದ ನಡುವೆಯೇ ತುಂಡಾದರೂ ಯಾರೂ ದೂರುತ್ತಿರಲಿಲ್ಲ. ಇವನಾದರೋ ಒಂದು ಡಬ್ ಹಾಡಿನ ಪ್ರತಿಧ್ವನಿ ಕರಗುತ್ತಿರುವಾಗಲೇ ಮುಂದಿನ ಹಾಡಿನ ತಾಳ ಏಳಬೇಕೆಂದು ನಾಲ್ಕನೆಯದನ್ನು ಏಳನೆಯ ಜಾಗಕ್ಕೆ ಒಯ್ದು, ಮತ್ತೆ ಹಿಂದಕ್ಕೆ ತಂದು, ಎಂಟು ದಿನ ಕಳೆದಿದ್ದಾನೆ. ಈ ಅನುಕ್ರಮದ ಕೆಲಸ ‘ಸಂಗ್ರಹ’ದಲ್ಲಿ ಇಲ್ಲ, ‘ಸಂಕಲನ’ ಎಂದರೆ ಸಿನಿಮಾದ ಕತ್ತರಿ ನೆನಪಾಗುತ್ತದೆ.

ನನ್ನ ಒಲವು ‘ಸಂಪಾದನೆ’ಯ ಕಡೆಗಿದೆ. ಬೇರೆ ಬೇರೆ ಶರಣರ ವಚನಗಳನ್ನು ಸಂವಾದವಾಗಿ ಹೊಂದಿಸಿದ ‘ಶೂನ್ಯಸಂಪಾದನೆ’ಯ ಹೆಸರಿನಲ್ಲಿ ಆ ಪದಕ್ಕೆ ಪಡೆಯುವುದೆಂಬ ಅರ್ಥವೂ ಇದೆಯೆಂದು ಬಲ್ಲೆ; ಆದರೂ ಅಲ್ಲಿ ನಡೆದ ಕೆಲಸ ಇದೇ ಜಾತಿಯದು. ತೊಡಕೆಂದರೆ, ಹೊದಿಕೆಯ ಮೇಲೆ ‘ಸಂಪಾದನೆ’ ಎಂದು ಓದಿದ ಅಕ್ಕ, “ಇದರಾಗ ಎಷ್ಟ್ ಸಿಗ್ತದಪಾ?” ಎಂದು ಮಗನನ್ನು ಕೇಳಿದಳು.

‘ಡಬ್’ ಪದವನ್ನು ಹಾಗೆಯೇ ಉಳಿಸಬೇಕೆಂಬುದು ನನ್ನ ಮತ. ಧ್ವನಿಯ ಪ್ರತಿ ತೆಗೆಯುವುದೆಂಬ ಒಂದೇ ಮೂಲದಿಂದ ಬಂದರೂ ನಮ್ಮ ಸಿನಿಮಾದ ಡಬ್ಬಿಂಗ್ ಮತ್ತು ಈ ಡಬ್ ಎದುರುಬದುರು ದಿಕ್ಕಿನವು. ಅಲ್ಲಿ ಚಿತ್ರಕ್ಕೆ ದನಿ ಕೂಡಿಸುತ್ತಾರೆ. ಇಲ್ಲಿ ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳ ರಿಪೇರಿ ಮಾಡುತ್ತಿದ್ದ ಕಿಂಗ್ ಟಬ್ಬಿಯಂಥವರು ಮುದ್ರಿತ ಹಾಡಿನಿಂದ ಗಾಯಕನ ದನಿಯನ್ನು ಕಳೆದು, ಬೇಸ್ ಮತ್ತು ಡ್ರಮ್ಮುಗಳನ್ನು ಮುಂದೆ ತಂದರು. ‘ಡಬ್ಬಿಂಗ್ ಸಂಗೀತ’ ಎಂದು ಬರೆದರೆ ಅರ್ಥ ತಲೆಕೆಳಗಾಗುತ್ತದೆ.

‘ಇಂಡೀ’ಯ ದೀರ್ಘವನ್ನು ಬಿಡದಿರುವುದಕ್ಕೂ ಕಾರಣವಿದೆ. ‘ಇಂಡಿ ಸಂಗೀತ’ ಎಂದರೆ ನಮ್ಮ ಭಾಗದವರಿಗೆ ವಿಜಯಪುರ ಜಿಲ್ಲೆಯ, ನಿಂಬೆಗೆ ಹೆಸರಾದ ಇಂಡಿಯೇ ಕಣ್ಣಿಗೆ ಬರುತ್ತದೆ. ಇಂಡೀ ಎಂಬುದು ದೊಡ್ಡ ಕಂಪನಿಗಳ ಹಂಗಿಲ್ಲದ ಸಂಗೀತವಾದ್ದರಿಂದ ‘ಸ್ವತಂತ್ರ ಸಂಗೀತ’ ಎನ್ನಬಹುದು, ಆದರೆ ಹುಡುಗರು ಹಾಗೆ ಕರೆಯುವುದಿಲ್ಲ.

‘ಸಂಪಾದನೆ’ ಸಲ್ಲದಿದ್ದರೆ ‘ಹಾಡು ಪೋಣಿಸಿದವರು’ ಎನ್ನಬಹುದೇ? ಇದಕ್ಕಿಂತ ಒಪ್ಪುವ, ಬಳಕೆಯಲ್ಲಿರುವ ಕ್ರಿಯಾಪದವಿದ್ದರೆ ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.